ಕಾಗದದ ಹಿಂಬದಿ

ಫೆಬ್ರವರಿ 4

ನನ್ನ ಸೂಜಿಗೆ ಅಪ್ಪನ ಆಶೀರ್ವಾದಗಳು.

ನೀನು ಹೊರಟು ಇವತ್ತಿಗೆ ಹನ್ನೊಂದು ದಿನ. ತಲುಪಿದೆ ಅಂತ ಒಂದು ಸಾಲೂ ಬಂದಿಲ್ಲ. ಬಸ್ಸು ಎಲ್ಲಾದರೂ ಕೆಟ್ಟು ನಿಂತಿತೋ, ಪೆಟ್ಟಿಗೆಯ ಚಿಲಕ ದಾರಿಯಲ್ಲೇ ಕಿತ್ತುಬಂತೋ, ಆಸ್ಪತ್ರೆಯವರು ಆಯಾ ಕೆಲಸಕ್ಕೆ ಬೇರೆ ಯಾರನ್ನೋ ತೆಗೆದುಕೊಂಡುಬಿಟ್ಟರೋ ಅಂತ ಒಂದರ ಹಿಂದೆ ಒಂದು ಯೋಚನೆ. ಚಿಲಕ ಸರಿಮಾಡಿಸು ಅಂತ ಮೂರು ಸಲ ಹೇಳಿದ್ದೆ. ಕೊಡೆ ಬಾಗಿಲ ಹಿಂದೆಯೇ ನೇತಾಡುತ್ತಿದೆ. ಅದನ್ನು ನೋಡಿದಾಗಲೆಲ್ಲ ನೀನು ಎಲ್ಲೋ ನೆನೆಯುತ್ತಾ ನಿಂತಿದ್ದೀಯ ಅನ್ನಿಸುತ್ತದೆ. ಅಲ್ಲಿ ಮಳೆ ಇದೆಯೋ ಇಲ್ಲವೋ ನನಗೇನು ಗೊತ್ತು.

ಇಲ್ಲಿ ಎಲ್ಲ ಮಾಮೂಲು. ಲಾರಿಯವರ ಮೂರು ಟಾರ್ಪಾಲಿನ್ ಬಂದಿವೆ, ಮೂರೂ ಮೂಲೆಯಲ್ಲೇ ಹರಿದಿವೆ. ದಾರಕ್ಕೆ ಮೇಣ ಹಚ್ಚಿ ಕೊಡುವ ಕೈ ಪಕ್ಕದಲ್ಲಿಲ್ಲ. ನಾನೇ ಮೇಣ ಹಚ್ಚುತ್ತೇನೆ, ನಾನೇ ಹೊಲಿಯುತ್ತೇನೆ, ತಪ್ಪಿದರೆ ನಾನೇ ಬೈದುಕೊಳ್ಳುತ್ತೇನೆ.

ಮುಖ್ಯ ವಿಷಯ. ನಾನು ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟ ಕಾಗದವನ್ನು ಅಲ್ಲಿಯ ಸಭೆಗೆ ಕೊಟ್ಟೆಯಾ? ಅಂಗಿಯ ಗುಂಡಿ ಮಾರುವ ಅಂಗಡಿಯ ಮಹಡಿಯಲ್ಲಿ ಸೇರುತ್ತಾರಂತೆ, ಅಂಗಡಿಯ ಅಜ್ಜಿಯೇ ಹಿರಿಯಳಂತೆ. ಸಂಕೋಚ ಮಾಡಿಕೊಳ್ಳಬೇಡ. ಊರು ಬಿಟ್ಟು ಹೋಗುವವರ ಕೈಗೆ ಸಭೆ ಒಂದು ಪರಿಚಯದ ಕಾಗದ ಕೊಟ್ಟು ಕಳಿಸುವುದು ಮೊಟ್ಟಮೊದಲ ಕ್ರೈಸ್ತರ, ಆದಿಸಭೆಯವರ ಕಾಲದಿಂದ ಬಂದ ಪದ್ಧತಿ. ಅವರಿಗೆ ಗೋಪುರ ಇರಲಿಲ್ಲ, ಗಂಟೆ ಇರಲಿಲ್ಲ, ಬಾಗಿಲ ಮೇಲೆ ಬೋರ್ಡೂ ಇರಲಿಲ್ಲ. ಗೊತ್ತಿಲ್ಲದ ಪಟ್ಟಣದಲ್ಲಿ ಗೊತ್ತಿಲ್ಲದ ಕದ ತಟ್ಟಿ ಕಾಗದ ಚಾಚಿದರೆ ಒಳಗಿನವರು ‘ಬಾ ತಂಗಿ’ ಅನ್ನುತ್ತಿದ್ದರು. ಹಾಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಬೆಳೆದದ್ದು. ನೀನು ಚಿಕ್ಕವಳಿದ್ದಾಗ ಕೇಳಿದ್ದೆ, ‘ಅಪ್ಪಾ, ಅಷ್ಟೊಂದು ಜನಕ್ಕೆ ಅವರು ಲೋಟ ಎಲ್ಲಿಂದ ತರ್ತಿದ್ರು?’ ಅಂತ. ನಾಲ್ಕನೇ ಕ್ಲಾಸಿಗೆ ನಿಂತ ನನ್ನ ಓದಿಗೆ ಉತ್ತರ ಸಿಕ್ಕಿರಲಿಲ್ಲ. ಈಗಲೂ ಸಿಕ್ಕಿಲ್ಲ.

ಆ ಮೂರು ತಿಂಗಳ ವಿಷಯವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹಿರಿಯರು ತೀರ್ಮಾನಿಸಿದರು, ಆಯಿತು. ನೀನು ಕರ್ತನ ನೆನಪಿಗೆ ಹಂಚುವ ರೊಟ್ಟಿಯ ತಟ್ಟೆ ಹಿಡಿದವಳು ನಮ್ಮ ಮೆಟ್ಟಿಲ ಮೇಲೆ ಕೂತಿದ್ದ ಚೀಲದಕ್ಕನಿಗೂ ಒಂದು ತುಂಡು ಕೊಟ್ಟುಬಿಟ್ಟೆ. ಬೀದಿಯ ಕಾಗದ, ಡಬ್ಬ ಆಯ್ದುಕೊಂಡು ತಿರುಗುವವಳು, ದೀಕ್ಷಾಸ್ನಾನ ಆಗದವಳು. ಕರ್ತನ ಮೇಜಿಗೆ ಒಂದು ಕ್ರಮ ಬೇಡವೇ ಅಂದರು. ಮೂರು ತಿಂಗಳು ರೊಟ್ಟಿ ಮುರಿಯುವಾಗ ನೀನು ದೂರ ಇರಬೇಕು ಅಂದರು. ಎರಡು ತಿಂಗಳು ಕಳೆದೇ ಹೋಯಿತಲ್ಲ.

ಬಿಸಿನೀರು ಕುಡಿ. ಒಬ್ಬಳೇ ಓಡಾಡಬೇಡ.

ನಿನ್ನ ಅಪ್ಪ


ಫೆಬ್ರವರಿ 19

ಅಪ್ಪ,

ನಾನು ತಲುಪಿದ್ದೇನೆ. ಕೆಲಸ ಸಿಕ್ಕಿದೆ. ಪೆಟ್ಟಿಗೆಯ ಚಿಲಕ ಗಟ್ಟಿಯಾಗಿದೆ.

ನಿಮ್ಮ ಕಾಗದವನ್ನು ಮೊದಲ ಭಾನುವಾರವೇ ಕೊಟ್ಟೆ. ಮಹಡಿಯಲ್ಲಿ ಸುಮಾರು ನಲವತ್ತು ಜನ ಇದ್ದರು. ಗೋಡೆಯ ತುಂಬ ಗುಂಡಿಗಳ ಸಣ್ಣ ಸಣ್ಣ ಪೆಟ್ಟಿಗೆಗಳು. ಬೇರೆ ಸಭೆಯಿಂದ ಬಂದ ಕಾಗದವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದುವುದು ಅಲ್ಲಿಯೂ ಪದ್ಧತಿ, ನಮ್ಮಲ್ಲಿಯ ಹಾಗೆಯೇ. ಅಜ್ಜಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಓದಿದರು. ‘ನಮ್ಮ ತಂಗಿ ನಿಮ್ಮಲ್ಲಿಗೆ ಬರುತ್ತಿದ್ದಾಳೆ, ಅವಳನ್ನು ನಿಮ್ಮವಳೆಂದು ಸೇರಿಸಿಕೊಳ್ಳಿ’ ಅನ್ನುವವರೆಗೆ ಎಲ್ಲರೂ ನನ್ನ ಕಡೆ ನೋಡಿ ನಗುತ್ತಿದ್ದರು. ಒಂದು ಮಗು ನನ್ನ ಸೆರಗು ಹಿಡಿದು ಎಳೆಯುತ್ತಿತ್ತು.

ಆಮೇಲೆ ಅಜ್ಜಿ ಹಾಳೆ ತಿರುಗಿಸಿದರು.

ಹಿಂಬದಿಯಲ್ಲಿ ನೀವು ಬರೆದದ್ದನ್ನೂ ಓದಿದರು. ‘ಇವಳನ್ನು ಮೂರು ತಿಂಗಳು ರೊಟ್ಟಿಯಿಂದ ದೂರ ಇಟ್ಟಿದ್ದೇವೆ, ಇನ್ನೂ ಮುಗಿದಿಲ್ಲ. ಇವಳ ಕೈಗೆ ತಟ್ಟೆ ಕೊಡಬೇಡಿ. ಬುದ್ಧಿ ಇಲ್ಲ ಅಂತಲ್ಲ, ಮನಸ್ಸು ಮೆದು. ಯಾರು ಬಂದು ತಟ್ಟಿದರೂ ಬಾಗಿಲು ತೆಗೆದುಬಿಡುತ್ತಾಳೆ. ಸ್ವಲ್ಪ ಕಣ್ಣಿಟ್ಟಿರಿ.’ ಅರ್ಧಕ್ಕೆ ಬರುವಾಗ ಅಜ್ಜಿಯ ಧ್ವನಿ ಸಣ್ಣದಾಯಿತು. ನಿಲ್ಲಿಸಬೇಕೋ ಬೇಡವೋ ಗೊತ್ತಾಗದೆ ಕೊನೆಯವರೆಗೂ ಓದಿ ಮುಗಿಸಿದರು. ಮಡಚಿ ನನ್ನ ಕೈಗೇ ಕೊಟ್ಟರು.

ಯಾರೂ ಹೊರಗೆ ಹೋಗು ಅನ್ನಲಿಲ್ಲ. ಗೋಡೆಯ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಟ್ಟರು. ತಟ್ಟೆ ಬಂದಾಗ ಪಕ್ಕದ ಹೆಂಗಸು ನನ್ನ ತಲೆಯ ಮೇಲಿಂದ ಕೈ ಚಾಚಿ ಅದನ್ನು ಆಚೆಯವರಿಗೆ ದಾಟಿಸಿದಳು. ಮಗುವನ್ನು ಅದರ ತಾಯಿ ಕರೆದುಕೊಂಡಳು.

ಅದೇ ಮೊದಲು, ಅದೇ ಕೊನೆ. ಮತ್ತೆ ಹೋಗಿಲ್ಲ.

ನಿಮ್ಮ ಮಗಳು


ಫೆಬ್ರವರಿ 26

ನನ್ನ ಸೂಜಿಗೆ,

ನಿನ್ನ ಕಾಗದ ಬಂದು ನಾಲ್ಕು ಗಂಟೆ ಆಯಿತು. ಮೆಷಿನ್ ಮುಂದೆ ಕೂತಿದ್ದೇನೆ, ಕಾಲು ಪೆಡಲಿನ ಮೇಲಿದೆ, ತುಳಿಯುತ್ತಿಲ್ಲ.

ಹಿಂಬದಿಯದು ಅಜ್ಜಿಯೊಬ್ಬಳಿಗೆ ಅಂತ ಬರೆದದ್ದು ಮಗಳೇ. ಮುಂದಿನದು ಹಿರಿಯ ಗಡಿಯಾರದಣ್ಣ ಹೇಳಿ ಬರೆಸಿದ್ದು, ಸಭೆಯದು. ಹಿಂದಿನದು ನನ್ನದು. ನೀನು ಹೊರಡುವ ದಿನ ಬೆಳಗ್ಗೆ, ನೀನು ಪೆಟ್ಟಿಗೆ ಕಟ್ಟುತ್ತಿದ್ದಾಗ ಬರೆದೆ. ಬೇರೆ ಹಾಳೆ ತೆಗೆಯಬಹುದಿತ್ತು. ತೆಗೆಯಲಿಲ್ಲ. ಟಾರ್ಪಾಲಿನ್ ಹೊಲಿಗೆಯಲ್ಲಿ ಮೇಲ್ಬದಿ ಗಿರಾಕಿಗೆ, ಹಿಂಬದಿ ನಮಗೆ. ಗಂಟು ಹಾಕುವುದು, ತೇಪೆ ಹಚ್ಚುವುದು ಎಲ್ಲ ಹಿಂದೆ. ಯಾರೂ ತಿರುಗಿಸಿ ನೋಡುವುದಿಲ್ಲ. ಅದೇ ಅಭ್ಯಾಸದಲ್ಲಿ ಬರೆದುಬಿಟ್ಟೆ. ಎಲ್ಲರ ಮುಂದೆ ಓದುತ್ತಾರೆ ಅಂತ ನನಗೆ ಗೊತ್ತಿರಲಿಲ್ಲವೇ? ಇಪ್ಪತ್ತು ವರ್ಷದಿಂದ ನಾನೇ ನಿಂತು ಕೇಳಿದ್ದೇನೆ. ಆದರೂ ಆ ಹೊತ್ತಿಗೆ ತಲೆಗೆ ಬರಲಿಲ್ಲ ಅಂದರೆ ನೀನು ನಂಬುತ್ತೀಯಾ?

ನಂಬದಿದ್ದರೂ ಸರಿ. ಒಬ್ಬಳೇ ಇರಬೇಡ. ಇನ್ನೊಂದು ಸಲ ಹೋಗು. ಮೂರು ತಿಂಗಳು ಮುಗಿಯಿತು ಅಂತ ಗಡಿಯಾರದಣ್ಣನ ಕೈಯಲ್ಲೇ ಬರೆಸಿ ಕಳಿಸುತ್ತೇನೆ. ಹಿರಿಯರು ತೀರ್ಮಾನ ಮಾಡಿದ್ದಕ್ಕೆ ನಾನೇನು ಮಾಡಲಿ ಹೇಳು.

ಚೀಲದಕ್ಕ ನಿನ್ನೆ ಬಂದಿದ್ದಳು. ಒಳಗೆ ಬರಲಿಲ್ಲ, ಮೂರನೇ ಮೆಟ್ಟಿಲ ಮೇಲೆ ಚೀಲ ಇಟ್ಟು ಕೂತಳು.

‘ಮಗಳು ಎಲ್ಲಿ?’ ಅಂದಳು.

‘ಕೆಲಸಕ್ಕೆ ಹೋಗಿದ್ದಾಳೆ, ದೂರ’ ಅಂದೆ.

‘ಹೂಂ. ನನ್ನಿಂದ ತಾನೇ?’ ಅಂದಳು. ನಾನು ದಾರ ಹುಡುಕುವವನ ಹಾಗೆ ಒಳಗೆ ಬಂದುಬಿಟ್ಟೆ.

ನೀನು ನನ್ನನ್ನು ‘ನೀವು’ ಅಂತ ಬರೆದಿದ್ದೀಯ. ಹುಟ್ಟಿದಾಗಿನಿಂದ ಒಮ್ಮೆಯೂ ಹಾಗೆ ಕರೆಯದವಳು. ಅಷ್ಟು ದೊಡ್ಡವನಾಗಲು ನನಗೆ ಇಷ್ಟವಿಲ್ಲ.

ಅಪ್ಪ


ಏಪ್ರಿಲ್ 11

ಸೂಜಿ,

ಆರು ವಾರದಲ್ಲಿ ನಾಲ್ಕು ಕಾಗದ ಹಾಕಿದೆ. ಒಂದಕ್ಕೂ ಉತ್ತರವಿಲ್ಲ. ಅಂಚೆಯವನು ಬೀದಿಯ ತಿರುವಿನಲ್ಲೇ ತಲೆ ಆಡಿಸಿಬಿಡುತ್ತಾನೆ, ನಾನು ಎದ್ದು ಬರುವ ಶ್ರಮ ಬೇಡ ಅಂತ. ಒಳ್ಳೆಯ ಮನುಷ್ಯ. ಅವನನ್ನು ಕಂಡರೆ ಈಗ ಹೆದರಿಕೆ.

ನಿಮ್ಮ ಕಡೆ ಜ್ವರ ಎದ್ದಿದೆ, ಆಸ್ಪತ್ರೆಗಳು ತುಂಬಿವೆ ಅಂತ ಲಾರಿಯವರು ಹೇಳಿದರು. ನಿನ್ನನ್ನು ಆ ವಾರ್ಡಿಗೆ ಹಾಕಿಲ್ಲ ತಾನೇ? ಹಾಕಿದರೆ ಮೈ ಸರಿಯಿಲ್ಲ ಅಂತ ಹೇಳು. ಸುಳ್ಳಾದರೂ ಪರವಾಗಿಲ್ಲ, ಆ ಪಾಪ ನನಗಿರಲಿ.

ಇಲ್ಲಿ ಸಭೆ ಬೆಳೆದಿದೆ. ನಮ್ಮಲ್ಲೇ ಟಾರ್ಪಾಲಿನ್ ಸುರುಳಿಗಳ ಮೇಲೆ ಏಳು ಜನ ಕೂತು ಶುರುಮಾಡಿದ್ದು ನಿನಗೆ ಗೊತ್ತು. ನಿನ್ನ ಅಮ್ಮ ಇದ್ದಳು, ನೀನು ಅವಳ ಮಡಿಲಲ್ಲಿದ್ದೆ. ಈಗ ಅರವತ್ತು ದಾಟಿದ್ದಾರೆ. ಹಿಂದಿನ ಸಾಲಿನ ವಿಧವೆಯರಿಗೆ ಊಟ ಸಾಲುತ್ತಿಲ್ಲ ಅಂತ ಹೋದ ವಾರ ಗಲಾಟೆ. ಮುಂದಿನವರಿಗೆ ಎರಡೆರಡು ಸಲ, ಹಿಂದಿನವರಿಗೆ ಪಾತ್ರೆಯ ಸದ್ದು ಮಾತ್ರ. ಗಡಿಯಾರದಣ್ಣ ಎದ್ದು ನಿಂತು, ಆದಿಸಭೆಯಲ್ಲೂ ಇದೇ ದೂರು ಬಂದಿತ್ತು, ಆಗ ಊಟ ಬಡಿಸುವುದಕ್ಕೆಂದೇ ಏಳು ಜನರನ್ನು ಆರಿಸಿದರು, ನಾವೂ ಆರಿಸೋಣ ಅಂದ. ಅವನ ಅಂಗಡಿಯಲ್ಲಿ ಹನ್ನೊಂದು ಗಡಿಯಾರ, ಹನ್ನೊಂದೂ ಬೇರೆ ಬೇರೆ ಟೈಮು. ಪ್ರಾರ್ಥನೆಗೆ ಒಂದು ನಿಮಿಷ ತಡವಾದರೆ ಮಾತ್ರ ಹುಬ್ಬು ಗಂಟಾಗುತ್ತದೆ. ಆರಿಸಿದರು, ಏಳು ಜನ. ಎಲ್ಲರೂ ಒಳ್ಳೆಯವರೇ. ಆದರೆ ತಟ್ಟೆಯನ್ನು ಮೊದಲು ಹಿಂದಿನ ಸಾಲಿಗೆ ಒಯ್ಯಬೇಕು ಅನ್ನುವುದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅದು ನಿನಗೆ ಯಾರೂ ಹೇಳಿಕೊಡದೆ ಬಂದಿತ್ತು.

ಮೇಜಿಗೆ ಕ್ರಮ ಬೇಕು ಅಂತ ಅಣ್ಣ ಹೇಳುವುದೂ ಪೂರ್ತಿ ತಪ್ಪಲ್ಲ ಮಗಳೇ. ಆದಿಸಭೆಯ ಕಾಲದಲ್ಲಿ ಬೇಹುಗಾರರು ಬರುತ್ತಿದ್ದರು, ಹಿಡಿದುಕೊಡುವವರು ಬರುತ್ತಿದ್ದರು. ಯಾರೆಂದು ವಿಚಾರಿಸದೆ ಮೇಜಿಗೆ ಕೂರಿಸುತ್ತಿರಲಿಲ್ಲ. ಕಾಗದದ ಪದ್ಧತಿ ಬಂದದ್ದೂ ಅದಕ್ಕೇ. ಆದರೆ ಚೀಲದಕ್ಕ ಯಾರಿಗೆ ಬೇಹು ಮಾಡುತ್ತಾಳೆ ಅಂತ ಯೋಚಿಸುತ್ತೇನೆ. ನಾನು ಯೋಚಿಸುವುದೆಲ್ಲ ಆಗಿಹೋದ ಮೇಲೆ.

ಇನ್ನು ಸುತ್ತಿ ಬಳಸಿ ಬರೆಯುವ ಶಕ್ತಿ ಇಲ್ಲ. ಹಿರಿಯರು ತೀರ್ಮಾನಿಸಿದರು, ಹಿರಿಯರು ತೀರ್ಮಾನಿಸಿದರು ಅಂತ ಪ್ರತಿ ಕಾಗದದಲ್ಲೂ ಬರೆದೆ. ನಾನೂ ಸೇರಿ ಹಿರಿಯರು ಐದು ಜನ. ನಿನ್ನನ್ನು ದೂರ ಇಡಲು ಎರಡು ಕೈ ಎದ್ದಿತ್ತು, ಎರಡು ಎದ್ದಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಮಗಳು ಅಂತ ಬಿಟ್ಟ ಅಂದುಕೊಂಡಾರು ಅಂತ ಹೆದರಿದೆ. ನಾನು ಕೈ ಎತ್ತಿದೆ.

ಆದಿಸಭೆಯಲ್ಲಿ ಊರೂರಿಗೆ ಬೋಧಿಸುತ್ತಾ ಜೊತೆಗೆ ದುಡಿದ ಇಬ್ಬರು ಅಪೊಸ್ತಲರು ಒಬ್ಬ ಜೊತೆಗಾರನ ವಿಷಯಕ್ಕೆ ಜಗಳವಾಡಿ ಬೇರೆಯಾದರಂತೆ. ಒಬ್ಬ ಹಡಗು ಹತ್ತಿದ, ಒಬ್ಬ ನೆಲದ ದಾರಿ ಹಿಡಿದ. ಆ ಜೊತೆಗಾರ ಬೇಡ ಅಂದವನೇ ಕಡೆಗೆ ಸೆರೆಯಲ್ಲಿ ಚಳಿಗೆ ಕೂತು, ಅದೇ ಜೊತೆಗಾರನನ್ನು ಕರೆದುಕೊಂಡು ಬನ್ನಿ ಅಂತ ಕಾಗದ ಬರೆದನಂತೆ. ಅವನು ಬಂದನೋ ಇಲ್ಲವೋ ಎಲ್ಲೂ ಬರೆದಿಲ್ಲ. ಗಡಿಯಾರದಣ್ಣನನ್ನು ಕೇಳಿದೆ, ಅವನಿಗೂ ಗೊತ್ತಿಲ್ಲ.

ಅಪ್ಪ


ಮೇ 8

ಅಪ್ಪ,

ನೀನು ಕೈ ಎತ್ತಿದ್ದು ನನಗೆ ಅವತ್ತೇ ಗೊತ್ತು. ನಡುವೆ ಪರದೆ ಕಟ್ಟಿದ್ದಿರಲ್ಲ, ಹಳೆಯ ಹಸಿರು ಟಾರ್ಪಾಲಿನ್. ಹಗ್ಗ ಪೋಣಿಸುವ ಹಿತ್ತಾಳೆ ಉಂಗುರದ ತೂತಿನಲ್ಲಿ ನೋಡುತ್ತಿದ್ದೆ. ಆ ಉಂಗುರ ಕೂರಿಸಿದವಳೂ ನಾನೇ. ಬೇರೆ ಯಾರ ಕೈಯೂ ಕಾಣುತ್ತಿರಲಿಲ್ಲ, ನಿನ್ನದು ಮಾತ್ರ ಕಾಣುತ್ತಿತ್ತು. ತೋರುಬೆರಳಿಗೆ ಸೂಜಿ ಚುಚ್ಚಿ ಬಟ್ಟೆ ಸುತ್ತಿದ್ದೆಯಲ್ಲ, ಆ ಕೈ. ಬಟ್ಟೆ ಸುತ್ತಿದವಳೂ ನಾನೇ.

ನೀನಾಗಿ ಹೇಳುತ್ತೀಯೇನೋ ಅಂತ ಕಾದೆ. ಬಸ್ಸು ಹತ್ತುವವರೆಗೂ ಕಾದೆ. ನೀನು ಕೊಡೆ, ಚಿಲಕ, ಬಿಸಿನೀರು ಅಂದೆ.

ಹೌದು, ಜ್ವರದ ವಾರ್ಡಿನಲ್ಲೇ ಇದ್ದೇನೆ. ನಾನೇ ಕೇಳಿ ಹಾಕಿಸಿಕೊಂಡೆ. ಮೂವತ್ತೆರಡು ಹಾಸಿಗೆ, ಐವತ್ತು ಜನ. ಎಷ್ಟೋ ಜನರನ್ನು ಮನೆಯವರೇ ಗೇಟಿನಲ್ಲಿ ಬಿಟ್ಟು ಹೋಗುತ್ತಾರೆ. ನಾನು ಚಿಕ್ಕವಳಿದ್ದಾಗ ನೀನೇ ಹೇಳುತ್ತಿದ್ದೆ, ದೊಡ್ಡ ರೋಗ ಬಂದು ಪಟ್ಟಣಗಳು ಖಾಲಿಯಾದಾಗ ಆದಿಸಭೆಯವರು ಓಡದೆ ನೀರಿನ ಲೋಟ ಹಿಡಿದು ಉಳಿದರು, ಅದನ್ನು ನೋಡಿಯೇ ಎಷ್ಟೋ ಜನ ಅವರ ಜೊತೆ ಸೇರಿದರು ಅಂತ. ಬೋಧನೆ ಕೇಳಿ ಅಲ್ಲ, ನೀರು ಕುಡಿದು. ಈಗ ನೀನೇ ಸುಳ್ಳು ಹೇಳಿ ತಪ್ಪಿಸಿಕೋ ಅನ್ನುತ್ತೀಯ. ಓದಿ ನಗು ಬಂತು. ಬಹಳ ದಿನದ ಮೇಲೆ ನಕ್ಕೆ.

ಇಲ್ಲಿ ಸಂಜೆ ಪಾತ್ರೆ ತೊಳೆಯುವ ಕೋಣೆಯಲ್ಲಿ ಎದ್ದು ಓಡಾಡುವಷ್ಟು ಚೇತರಿಸಿಕೊಂಡವರು ಬಂದು ಕೂರುತ್ತಾರೆ. ಮಿಕ್ಕ ರೊಟ್ಟಿಯನ್ನು ಮುರಿದು ಹಂಚಿಕೊಳ್ಳುತ್ತೇವೆ. ಒಬ್ಬ ಮುದುಕ ಪ್ರತಿ ಸಲವೂ ‘ಯಾರಿಗೆ ಥ್ಯಾಂಕ್ಸ್ ಹೇಳ್ಬೇಕಮ್ಮ ಇದಕ್ಕೆ?’ ಅಂತ ಕೇಳುತ್ತಾನೆ. ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಇಲ್ಲಿ ಯಾರೂ ಯಾರ ಕಾಗದವನ್ನೂ ಕೇಳುವುದಿಲ್ಲ. ಲೋಟ ಮಾತ್ರ ಕಡಿಮೆ. ನಿನ್ನ ಉತ್ತರ ಸಿಕ್ಕಿತು ಅಪ್ಪ: ಒಂದೇ ಲೋಟವನ್ನು ತೊಳೆದು ತೊಳೆದು ಕೊಡುವುದು.

ಗಡಿಯಾರದಣ್ಣನಿಂದ ಏನನ್ನೂ ಬರೆಸಬೇಡ. ಕ್ಷಮಿಸು ಅಂತ ನನಗೆ ಬರೆಯುವುದೂ ಸಾಕು. ನಲವತ್ತು ಜನರ ಮುಂದೆ ಓದಿದ್ದನ್ನು ನನ್ನೊಬ್ಬಳ ಕಿವಿಯಲ್ಲಿ ಹೇಳಿ ಅಳಿಸುವುದಕ್ಕಾಗುತ್ತದಾ? ಬರೆಯುವುದಾದರೆ ಅವರಿಗೆ ಬರೆ. ಅವರ ಮುಂದೆ ಓದಿಸು. ಅದನ್ನು ಓದಿದ ದಿನ ನಾನು ಅಲ್ಲಿಗೆ ಹೋಗಿ ಕೂರುತ್ತೇನೆ, ಆಮೇಲೆ ರಜೆ ಹಾಕಿ ಊರಿಗೂ ಬರುತ್ತೇನೆ. ಅಲ್ಲಿಯವರೆಗೆ ಬರುವುದಿಲ್ಲ.

ಸೂಜಿ


ಜೂನ್ 9

ಗುಂಡಿ ಅಂಗಡಿಯ ಮಹಡಿಯಲ್ಲಿ ಸೇರುವ ಸಭೆಯವರಿಗೆ, ಟಾರ್ಪಾಲಿನ್ ಹೊಲಿಯುವವನು ಮಾಡುವ ವಂದನೆಗಳು. ದಯವಿಟ್ಟು ಇದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು.

ನಾಲ್ಕು ತಿಂಗಳ ಹಿಂದೆ ನನ್ನ ಮಗಳು ನಿಮ್ಮಲ್ಲಿಗೆ ಒಂದು ಕಾಗದ ತಂದಳು. ಅದರ ಹಿಂಬದಿಯಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿರಲಿಲ್ಲ. ತನ್ನ ಮೇಲಿನ ದೂರನ್ನು ತಾನೇ ಹೊತ್ತು ತಂದು ನಿಮ್ಮ ಕೈಗೆ ಕೊಟ್ಟಳು. ಬರೆದವನು ನಾನು, ಅವಳ ಅಪ್ಪ. ನಾನು ಎಲ್ಲದಕ್ಕೂ ಹೆದರುವ ಮನುಷ್ಯ. ಬಾಗಿಲು ಹಾಕಿದ್ದೇನೋ ಇಲ್ಲವೋ ಅಂತ ಮೂರು ಸಲ ತಿರುಗಿ ಬಂದು ನೋಡುವವನು. ಅದು ಪ್ರೀತಿ ಅಂತ ಇಷ್ಟು ದಿನ ಅಂದುಕೊಂಡಿದ್ದೆ.

ಅವಳು ಮಾಡಿದ ತಪ್ಪು ಏನು ಅಂತ ನಾನು ನಿಮಗೆ ಬರೆಯಲೇ ಇಲ್ಲ. ನೀವು ಏನೇನು ಅಂದುಕೊಂಡಿರೋ. ಮೆಟ್ಟಿಲ ಮೇಲೆ ಹಸಿದು ಕೂತಿದ್ದ ಒಬ್ಬ ಹೆಂಗಸಿಗೆ ಒಂದು ತುಂಡು ರೊಟ್ಟಿ ಕೊಟ್ಟಳು. ಅಷ್ಟೇ. ಅದಕ್ಕೆ ಐದು ಜನ ಹಿರಿಯರು ಕೂತು ಅವಳನ್ನು ದೂರ ಇಟ್ಟೆವು. ಮೂರನೆಯ ಕೈ ನನ್ನದು. ನಾನು ಎತ್ತದಿದ್ದರೆ ಅವಳು ಇವತ್ತೂ ಇಲ್ಲೇ ಕೂತು ದಾರಕ್ಕೆ ಮೇಣ ಹಚ್ಚುತ್ತಿದ್ದಳು.

ಯಾರು ತಟ್ಟಿದರೂ ಬಾಗಿಲು ತೆಗೆಯುತ್ತಾಳೆ ಅಂತ ದೂರು ಬರೆದೆ. ನಮಗಿಂತ ಮೊದಲಿನವರು ಹಾಗೆ ತೆಗೆಯದೇ ಇದ್ದಿದ್ದರೆ ನೀವೆಲ್ಲಿ, ನಾನೆಲ್ಲಿ? ನಾವು ಈಗ ತುಂಬಾ ಜನ ಆಗಿದ್ದೇವೆ. ಜನ ಹೆಚ್ಚಾದ ಹಾಗೆ ಬಾಗಿಲಿಗೆ ಕಾವಲು ಹೆಚ್ಚಿತು. ಬೆಳೆದದ್ದು ಯಾವುದರಿಂದ ಅನ್ನುವುದೇ ಮರೆತುಹೋಯಿತು.

ಅವಳನ್ನು ನಿಮ್ಮವಳೆಂದು ಸೇರಿಸಿಕೊಳ್ಳಿ. ಅವಳ ಕೈಗೆ ತಟ್ಟೆ ಕೊಡಿ. ಹಿಂದಿನ ಸಾಲಿನಿಂದ ಶುರುಮಾಡುತ್ತಾಳೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಕಾಗದದ ಹಿಂಬದಿ ಖಾಲಿ ಇದೆ. ಓದುವವರು ಹಾಳೆ ತಿರುಗಿಸಿ ಎಲ್ಲರಿಗೂ ತೋರಿಸಬೇಕಾಗಿ ಬೇಡಿಕೊಳ್ಳುತ್ತೇನೆ.

ಟಾರ್ಪಾಲಿನ್ ಹೊಲಿಯುವವನು


ಜುಲೈ 1

ತಮ್ಮನಿಗೆ, ಗುಂಡಿ ಅಂಗಡಿಯ ಅಕ್ಕ ಬರೆಯುವುದು. ವಯಸ್ಸಿನಲ್ಲಿ ನಾನು ನಿಮಗಿಂತ ದೊಡ್ಡವಳಿರಬೇಕು, ಅದಕ್ಕೇ ಹಾಗೆ ಕರೆದೆ.

ಆಸ್ಪತ್ರೆಯವರು ನಿಮಗೆ ಕಾಗದ ಹಾಕಿದ್ದೇವೆ ಅಂದರು. ಅದು ಮೊದಲು ತಲುಪಿದೆಯೋ ಇದು ಮೊದಲು ತಲುಪುತ್ತದೆಯೋ ನನಗೆ ಗೊತ್ತಿಲ್ಲ. ಪಕ್ಕದಲ್ಲಿ ಯಾರಾದರೂ ಇದ್ದರೆ ಕೂರಿಸಿಕೊಂಡು ಮುಂದೆ ಓದಿ.

ನಿಮ್ಮ ಕಾಗದ ಮೊನ್ನೆ, ಇಪ್ಪತ್ತೊಂಬತ್ತನೇ ತಾರೀಕು ಬಂತು. ಬಂದದ್ದು ಭಾನುವಾರವಲ್ಲ, ಆದರೂ ಎಲ್ಲರನ್ನೂ ಕರೆಸಿ ಓದಿದೆ. ಹಾಳೆ ತಿರುಗಿಸಿ ತೋರಿಸಿದೆ. ತಲೆಯ ಮೇಲಿಂದ ತಟ್ಟೆ ದಾಟಿಸಿದವಳು ಎದ್ದು ನಿಂತು ‘ಈಗ್ಲೇ ಹೋಗಿ ಕರ್ಕೊಂಡ್ ಬರೋಣ, ನಾಳೆಗೆ ಅಂತ ಇಡೋದ್ ಬೇಡ’ ಅಂದಳು. ಎಂಟು ಜನ ನಿಮ್ಮ ಕಾಗದ ಹಿಡಿದುಕೊಂಡು ಆಸ್ಪತ್ರೆಗೆ ನಡೆದೆವು.

ಗೇಟಿನವನು ರಿಜಿಸ್ಟರ್ ತಿರುವಿ, ‘ಯಾವ ಆಯಾ? ಸಣ್ಣಗೆ, ಉದ್ದಕ್ಕೆ ಇದ್ರಲ್ಲ, ಅವರಾ?’ ಅಂದ. ಇದ್ರಲ್ಲ ಅಂದಾಗಲೇ ನಿಮ್ಮ ಕಾಗದವನ್ನು ಮಡಚಿಕೊಂಡೆ.

ಹದಿನೇಳಕ್ಕೆ ಜ್ವರ ಹಿಡಿಯಿತಂತೆ. ಇಪ್ಪತ್ತಾರಕ್ಕೆ ಮುಗಿಯಿತಂತೆ. ಜ್ವರದ ವಾರ್ಡಿನವರನ್ನು ಯಾರಿಗೂ ಕಾಯದೆ ಅದೇ ದಿನ ಮಣ್ಣು ಮಾಡುತ್ತಾರೆ. ಜಾಗ ನೋಡಿ ಬಂದಿದ್ದೇವೆ, ಗುರುತಿಗೆ ಕಲ್ಲು ಇಟ್ಟಿದ್ದೇವೆ. ನಿಮ್ಮ ಕಾಗದವನ್ನು ಅಲ್ಲಿ ನಿಂತು ಇನ್ನೊಂದು ಸಲ ಓದಿದೆ ತಮ್ಮಾ. ನನಗೆ ಬೇರೆ ಏನು ಮಾಡಬೇಕೋ ತೋಚಲಿಲ್ಲ.

ಅವತ್ತು ಹಾಳೆ ತಿರುಗಿಸಿದ್ದು ನನ್ನ ಕೈ. ಅರ್ಧಕ್ಕೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಅವಳು ಮರುವಾರ ಬರಲಿಲ್ಲ ಅಂದಾಗ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ, ಹೋಗಲಿಲ್ಲ. ಬರುವವರು ಬರುತ್ತಾರೆ ಅಂದುಕೊಂಡೆ. ಆದ್ದರಿಂದ ಪೂರಾ ಭಾರವನ್ನು ನೀವೊಬ್ಬರೇ ಹೊರಬೇಡಿ.

ನಾವು ಹೋಗಿದ್ದನ್ನು ಗೇಟಿನವನಿಂದ ಕೇಳಿ ನಿನ್ನೆ ಸಂಜೆ ಆಸ್ಪತ್ರೆಯಿಂದ ಮಹಡಿಗೆ ಹನ್ನೊಂದು ಜನ ಹೊಸಬರು ಬಂದರು. ಕೆಲವರಿಗೆ ಇನ್ನೂ ನಿಲ್ಲುವ ಶಕ್ತಿಯಿಲ್ಲ. ‘ಪಾತ್ರೆ ಕೋಣೇಲಿ ಆ ಮಗು ರೊಟ್ಟಿ ಮುರೀತಿತ್ತಲ್ಲ, ಅದು ಇಲ್ಲಿಯದಾ?’ ಅಂತ ಒಬ್ಬ ಮುದುಕ ಕೇಳಿದ. ಅವಳು ಕೂತಿದ್ದ ಗೋಡೆಯ ಪಕ್ಕದ ಕುರ್ಚಿಯನ್ನು ಅವನಿಗೆ ತೋರಿಸಿದೆ. ನಾವು ಬಾಗಿಲು ಮುಚ್ಚಿದ ಕಡೆಯಿಂದ ಹೊರಟವಳು ಇವರನ್ನು ನಮ್ಮ ಬಾಗಿಲಿಗೇ ಕಳಿಸಿದ್ದಾಳೆ. ಆದಿಸಭೆಯವರನ್ನು ಹೊಡೆದು ಚದುರಿಸಿದಾಗ ಓಡಿಹೋದ ಊರಲ್ಲೆಲ್ಲ ಒಂದೊಂದು ಮನೆ ಎದ್ದಿತು ಅಂತ ಎಷ್ಟು ಸಲ ಬೋಧಿಸಿದ್ದೇನೆ. ಆಗ ಹೊಡೆದವರು ಹೊರಗಿನವರು. ಈ ಸಲ ಹೊಡೆದವರು ನಾವು ಅನ್ನುವುದು ನೆನಪಾಗಿ ತಲೆ ತಗ್ಗಿಸಿದೆ.

ನಿಮ್ಮ ಕಾಗದದ ಮೇಲೆ ಒಂಬತ್ತನೇ ತಾರೀಕು ಇದೆ. ನಾಲ್ಕು ದಿನದ ದಾರಿಗೆ ಅಂಚೆಯವರು ಇಷ್ಟು ಯಾಕೆ ತಡಮಾಡಿದರೋ. ಹದಿಮೂರಕ್ಕೆ ಬಂದಿದ್ದರೆ ಕೇಳಿಸಿಕೊಳ್ಳುತ್ತಿದ್ದಳು. ಅದೊಂದು ಹೊಟ್ಟೆಯುರಿ ಉಳಿಯಿತು.

ಅವಳ ಪೆಟ್ಟಿಗೆಯಲ್ಲಿ ಎರಡು ಜೊತೆ ಬಟ್ಟೆ, ನಿಮ್ಮ ಕಾಗದಗಳ ಕಟ್ಟು ಇತ್ತು. ಅವಳು ಮೊದಲ ದಿನ ತಂದಿದ್ದ ಪರಿಚಯದ ಕಾಗದ ಮಾತ್ರ ಬೇರೆಯಾಗಿ ದಿಂಬಿನ ಕೆಳಗಿತ್ತಂತೆ. ಅದನ್ನು ಇದರೊಳಗೆ ಇಟ್ಟಿದ್ದೇನೆ. ಅದಕ್ಕೆ ಅವಳು ಏನೋ ಮಾಡಿದ್ದಾಳೆ. ನನಗಿಂತ ನಿಮಗೆ ಅರ್ಥವಾದೀತು.

ಗುಂಡಿ ಅಂಗಡಿಯ ಅಕ್ಕ


ಜುಲೈ 14

ಅಕ್ಕನಿಗೆ, ಸಭೆಯವರಿಗೆ, ಪಾತ್ರೆ ಕೋಣೆಯಿಂದ ಬಂದ ಹನ್ನೊಂದು ಜನರಿಗೆ. ಇದನ್ನೂ ಎಲ್ಲರ ಮುಂದೆ ಓದಿ.

ಆಸ್ಪತ್ರೆಯದೂ ನಿಮ್ಮದೂ ಎರಡು ಕಾಗದವೂ ಒಂದೇ ದಿನ ಬಂದವು. ಅಂಚೆಯವನು ಅವತ್ತು ತಿರುವಿನಿಂದಲೇ ಕೈ ಬೀಸಿದ, ‘ಬಂತಣ್ಣ, ಎರಡೆರಡು!’ ಅಂತ. ನಾನು ಓಡಿ ಹೋಗಿ ತೆಗೆದುಕೊಂಡೆ.

ಅಂಚೆಯವರು ತಡಮಾಡಲಿಲ್ಲ ಅಕ್ಕ. ಒಂಬತ್ತಕ್ಕೆ ಬರೆದವನು ಇಪ್ಪತ್ತೈದಕ್ಕೆ ಹಾಕಿದೆ. ಅಷ್ಟೂ ದಿನ ಅದು ಮೆಷಿನ್ನಿನ ಡ್ರಾಯರಿನಲ್ಲಿತ್ತು. ದಿನಾ ಬೆಳಗ್ಗೆ ಜೇಬಿನಲ್ಲಿಟ್ಟುಕೊಂಡು ಅಂಚೆ ಡಬ್ಬದವರೆಗೆ ಹೋಗುತ್ತಿದ್ದೆ. ಗಡಿಯಾರದಣ್ಣನಿಗೆ ಗೊತ್ತಾದರೆ ಏನಂದಾನು, ಅಕ್ಷರ ನೋಡಿ ನೀವು ನಕ್ಕೀರೇನೋ, ಮಗಳಿಗೆ ಇನ್ನೂ ಅವಮಾನವಾದೀತೇನೋ ಅಂತ ಒಂದೊಂದು ದಿನ ಒಂದೊಂದು ಹೆದರಿಕೆ. ತಿರುಗಿ ಬರುತ್ತಿದ್ದೆ. ಹಿಂಬದಿಯಲ್ಲಿ ಏನಾದರೂ ಬರೆದುಬಿಟ್ಟಿದ್ದೇನಾ ಅಂತ ಲಕೋಟೆ ಬಿಚ್ಚಿ ಮೂರು ಸಲ ನೋಡಿದೆ. ಅವಳು ಜ್ವರದಲ್ಲಿ ಮಲಗಿದಾಗಲೂ ಅದು ಡ್ರಾಯರಿನಲ್ಲೇ ಇತ್ತು. ನೀವು ಅಂಚೆಯವರನ್ನು ಬೈಯಬಾರದು ಅಂತ ಇದನ್ನು ಬರೆದೆ.

ಹೋದ ಭಾನುವಾರ ಇಲ್ಲಿ ನಿಮ್ಮ ಕಾಗದವನ್ನು ನಾನೇ ನಿಂತು ಓದಿದೆ. ನನ್ನ ಓದು ತಡವರಿಸುತ್ತದೆ, ಆದರೂ ಬೇರೆಯವರ ಕೈಗೆ ಕೊಡಲಿಲ್ಲ. ಓದಿ ಮುಗಿಸಿ ರೊಟ್ಟಿಯ ತಟ್ಟೆ ತೆಗೆದುಕೊಂಡು ಮೊದಲು ಮೆಟ್ಟಿಲಿಗೆ ಹೋದೆ. ಹಿಂದಿನಿಂದ ಕೆಲವರು ಎದ್ದು ಹೋದರು. ಗಡಿಯಾರದಣ್ಣ ಹೋಗಲಿಲ್ಲ, ತಟ್ಟೆಯನ್ನೂ ತಡೆಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತಿದ್ದ.

ಚೀಲದಕ್ಕ ಅಲ್ಲೇ ಇದ್ದಳು, ಮೂರನೇ ಮೆಟ್ಟಿಲು. ತುಂಡು ಚಾಚಿದೆ. ಕೈ ಹಿಂದಕ್ಕೆ ಎಳೆದುಕೊಂಡಳು.

‘ಬೇಡಪ್ಪ. ಅವತ್ತು ನಂಗೆ ಕೊಟ್ಟಿದ್ದಕ್ಕೇ ಆ ಮಗೂನ ಓಡಿಸಿದ್ರು. ಈಗ ನಿನ್ನ ಓಡಿಸ್ತಾರೆ.’

‘ಓಡಿಸಲ್ಲ, ತಗೋ’ ಅಂದೆ.

‘ಅವಳು ಬರ್ಲಿ. ಅವಳು ಬಂದ್ಮೇಲೆ ಅವಳ ಕೈಯಿಂದ್ಲೇ ತಗೋತೀನಿ. ಯಾವಾಗ್ ಬರ್ತಾಳೆ?’

ನಾನು ಅವಳ ಪಕ್ಕದಲ್ಲಿ ಕೂತೆ. ಹೇಳಿದೆ. ಅವಳು ಅಳಲಿಲ್ಲ, ತುಂಬ ಹೊತ್ತು ಚೀಲದ ಬಾಯಿ ಗಂಟು ಹಾಕುತ್ತಾ ಬಿಚ್ಚುತ್ತಾ ಇದ್ದಳು. ಆಮೇಲೆ ತಟ್ಟೆಯಿಂದ ತಾನೇ ಒಂದು ತುಂಡು ತೆಗೆದು, ಮುರಿದು, ಅರ್ಧವನ್ನು ನನ್ನ ಅಂಗೈಯಲ್ಲಿ ಇಟ್ಟಳು. ಅವಳ ಬೆರಳುಗಳು ಒರಟು, ನನ್ನವೂ ಒರಟು.

ನೀವು ಕಳಿಸಿದ ಪರಿಚಯದ ಕಾಗದದ ವಿಷಯ. ಅದಕ್ಕೆ ಅವಳು ಏನೋ ಮಾಡಿದ್ದಾಳೆ ಅಂತ ಬರೆದಿದ್ದಿರಿ. ನಾನು ಬರೆದ ಹಿಂಬದಿಯ ಮೇಲೆ ಒಂದು ಬಿಳಿ ಬಟ್ಟೆಯ ತುಂಡು ಇಟ್ಟು, ನಾಲ್ಕು ಅಂಚನ್ನೂ ಹೊಲಿದಿದ್ದಾಳೆ. ಆಸ್ಪತ್ರೆಯ ಹಾಸಿಗೆ ಬಟ್ಟೆ ಇರಬೇಕು. ಹೊಲಿಗೆ ಟಾರ್ಪಾಲಿನ್ನಿನದು, ಎರಡು ಸಲ ಹೋಗಿ ಬರುವ ಹೊಲಿಗೆ, ನೀರು ಒಳಗೆ ಇಳಿಯದ ಹಾಗೆ. ನಾನೇ ಅವಳಿಗೆ ಎಂಟನೇ ವಯಸ್ಸಿನಲ್ಲಿ ಹೇಳಿಕೊಟ್ಟದ್ದು. ದಾರಕ್ಕೆ ಮೇಣ ಹಚ್ಚಿದ್ದಾಳೆ. ಹಳೆಯ ಮೇಣವಾದರೆ ಧೂಳು ಹಿಡಿದು ಕಪ್ಪಾಗುತ್ತದೆ. ಇದು ಇನ್ನೂ ಬೆಳ್ಳಗಿದೆ. ಹೊಲಿದು ಬಹಳ ದಿನ ಆಗಿಲ್ಲ. ಈಗ ಆ ಕಾಗದಕ್ಕೆ ಒಂದೇ ಬದಿ. ನಮ್ಮ ತಂಗಿ ನಿಮ್ಮಲ್ಲಿಗೆ ಬರುತ್ತಿದ್ದಾಳೆ, ಅವಳನ್ನು ನಿಮ್ಮವಳೆಂದು ಸೇರಿಸಿಕೊಳ್ಳಿ ಅನ್ನುವುದಷ್ಟೇ ಕಾಣುತ್ತದೆ.

ನನ್ನನ್ನು ಕ್ಷಮಿಸಿ ಮುಚ್ಚಿದಳೋ, ಇನ್ನೊಬ್ಬರು ಓದಬಾರದು ಅಂತ ಮುಚ್ಚಿದಳೋ ನನಗೆ ಗೊತ್ತಿಲ್ಲ. ಹೊಲಿಗೆ ನೋಡಿ ಹೊಲಿದವರ ಕೈ ಹೇಳಬಲ್ಲೆ, ದಾರ ಯಾವುದು ಹೇಳಬಲ್ಲೆ, ಇದನ್ನು ಮಾತ್ರ ಹೇಳಲಾರೆ. ಒಂದು ಮೂಲೆಯಲ್ಲಿ ಗಂಟು ಸ್ವಲ್ಪ ಸಡಿಲವಾಗಿದೆ, ಜ್ವರದ ಕೈ ಇರಬೇಕು. ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಹಾಗೇ ಬಿಟ್ಟರೂ ಇವತ್ತಲ್ಲ ನಾಳೆ ಬಿಚ್ಚುತ್ತದೆ.

ಇವತ್ತು ಬೆಳಗ್ಗೆ ದಾರಕ್ಕೆ ಮೇಣ ಹಚ್ಚಿ, ಆ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದೆ.

ಸೂಜಿಯ ಅಪ್ಪ